ಸಿಬಿಲ್ ರಿಪೋರ್ಟಿಗೆ ಎಂಟುನೂರು ರೂಪಾಯಿ ಕೊಡಬೇಕೆ?

ಪ್ರಶ್ನೆ: ಅಡಿಕೆ ಡ್ರೈಯರ್ ಹಾಕಿಸಲು ಸಾಲ ಕೇಳಿದರೆ ಬ್ಯಾಂಕಿನವರು ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಅರ್ಜಿ ವಾಪಸ್ ಕೊಟ್ಟರು. ಪೇಟೆಯ ಸೈಬರ್ ಸೆಂಟರಿನಲ್ಲಿ ₹800 ತೆಗೆದುಕೊಂಡು ಒಂದು ಹಾಳೆ ಪ್ರಿಂಟ್ ಕೊಟ್ಟರು. ಅದರಲ್ಲಿ 612 ಎಂಬ ಅಂಕಿ ಬಿಟ್ಟರೆ ಬೇರೇನೂ ಇಲ್ಲ. ಫೀಸು ಇಷ್ಟಿದೆಯೆ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಇಲ್ಲ. ಆ ಹಣ ಸೈಬರಿನವರ ಕೂಲಿ, ಕಾನೂನಿನ ಫೀಸಲ್ಲ. ನೀವು ಸಾಲ ತೆಗೆದ, ತೀರಿಸಿದ ಲೆಕ್ಕವಿರುವ ಪೂರ್ತಿ ರಿಪೋರ್ಟನ್ನು ಸ್ಕೋರ್ (ಆ ಲೆಕ್ಕ ನೋಡಿ ಕೊಡುವ ಅಂಕ) ಸಮೇತ ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕೆಂದು ಆರ್‌ಬಿಐ 2017ರ ಜನವರಿಯಿಂದಲೇ ಕಡ್ಡಾಯ ಮಾಡಿದೆ. ಅದಕ್ಕಿಂತ ಹೆಚ್ಚು ಸಲ ಬೇಕೆಂದರೂ ವ್ಯಕ್ತಿಯೊಬ್ಬರ ರಿಪೋರ್ಟಿಗೆ ₹100ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ನಾವೆಲ್ಲ ‘ಸಿಬಿಲ್’ ಎನ್ನುತ್ತೇವೆ, ಆದರೆ ಇಂಥ ಸಾಲದ ಮಾಹಿತಿ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ಕಡೆ ಒಂದೊಂದು ಪುಕ್ಕಟೆ. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು. ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಡಿಸೆಂಬರಿನಲ್ಲಿ ತೆಗೆದವರು ಜನವರಿಯಲ್ಲಿ ಮತ್ತೆ ತೆಗೆಯಬಹುದು.

ಮೊಬೈಲಿನಲ್ಲೇ ಆಗುವ ಕೆಲಸ. ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ ‘ಉಚಿತ ವಾರ್ಷಿಕ ರಿಪೋರ್ಟ್’ ಕೊಂಡಿ ಒತ್ತಿ, ಪ್ಯಾನ್, ಹುಟ್ಟಿದ ದಿನ, ಪಿನ್‌ಕೋಡ್, ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ಸಿಕ್ಕಿಬೀಳುವುದು ಎರಡು ಕಡೆ. ಒಂದು, ಸಾಲ ತೆಗೆದಾಗ ಕೊಟ್ಟಿದ್ದ ಹಳೆಯ ನಂಬರ್ ಈಗ ಇಲ್ಲದಿದ್ದರೆ ಗುರುತು ಹೊಂದುವುದಿಲ್ಲ. ಮೊದಲು ಬ್ಯಾಂಕಿನಲ್ಲಿ ನಂಬರ್ ಬದಲಿಸಿಕೊಳ್ಳಿ. ಎರಡು, ನಡುವೆ ತಿಂಗಳ ಪ್ಲಾನು, ವರ್ಷದ ಪ್ಲಾನು ಎಂಬ ಪುಟ ಎದ್ದು ನಿಲ್ಲುತ್ತದೆ. ‘ಬೇಡ’ ಎಂಬ ಸಣ್ಣ ಅಕ್ಷರ ಹುಡುಕಿ ದಾಟಿ. ಕಾರ್ಡ್ ನಂಬರ್ ಕೇಳಿತೆಂದರೆ ದಾರಿ ತಪ್ಪಿದ್ದೀರಿ ಎಂದೇ ಅರ್ಥ. ಸೈಬರಿನವರ ಮೊಬೈಲ್, ಇಮೇಲ್ ಹಾಕಿಸಬೇಡಿ. ಹಾಗೆ ಮಾಡಿದರೆ ನಿಮ್ಮ ಸಾಲದ ಜಾತಕದ ಕೀಲಿಕೈ ಅವರ ಹತ್ತಿರ ಉಳಿಯುತ್ತದೆ.

ಬ್ಯಾಂಕಿನವರು ‘ಸರಿಯಿಲ್ಲ’ ಎಂದಷ್ಟೇ ಹೇಳಿ ಕಳಿಸುವುದೂ ಸರಿಯಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ಪ್ರಕಾರ, ನಿಮ್ಮ ಅರ್ಜಿಗಾಗಿ ಅವರು ತರಿಸಿಕೊಂಡ ರಿಪೋರ್ಟಿನ ಪ್ರತಿಯನ್ನು ನೀವು ಬರವಣಿಗೆಯಲ್ಲಿ ಕೇಳಬಹುದು. ನಿಗದಿತ ಶುಲ್ಕ ಪಡೆದು ಅವರು ಕೊಡಲೇಬೇಕು. ಅರ್ಜಿಯ ಎರಡನೇ ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ಟ್ರ್ಯಾಕ್ಟರ್ ಸಾಲ ಎರಡು ವರ್ಷದ ಹಿಂದೆಯೇ ತೀರಿದೆ, ನೋ ಡ್ಯೂ ಪತ್ರವೂ ಇದೆ. ರಿಪೋರ್ಟಿನಲ್ಲಿ ಮಾತ್ರ ₹41,000 ಬಾಕಿ ತೋರಿಸುತ್ತಿದೆ. ₹5,000 ಕೊಟ್ಟರೆ ‘ಸಿಬಿಲ್ ಕ್ಲಿಯರ್’ ಮಾಡಿಸುತ್ತೇನೆ ಎನ್ನುವವರಿದ್ದಾರೆ. ನಂಬಬಹುದೆ?
– ಓದುಗರು, ಸಾಗರ

ಉತ್ತರ: ನಂಬಬೇಡಿ. ರಿಪೋರ್ಟಿನ ಒಂದಕ್ಷರವನ್ನೂ ಸಾಲ ಕೊಟ್ಟ ಸಂಸ್ಥೆ ‘ಹೌದು, ತಪ್ಪಾಗಿದೆ’ ಎಂದು ದೃಢಪಡಿಸದೆ ಕಂಪನಿ ತಿದ್ದುವಂತಿಲ್ಲ. ಕಾಯ್ದೆಯೇ ಹಾಗಿದೆ. ಏಜೆಂಟ್ ಮಾಡುವುದು ನೀವೇ ತುಂಬಬಹುದಾದ ಫಾರ್ಮನ್ನು ತುಂಬುವುದಷ್ಟೇ. ತಿದ್ದುಪಡಿ ಕೋರಿಕೆಗೆ ಶುಲ್ಕವೂ ಇಲ್ಲ.

ಎರಡೂ ಕಡೆ ಒಂದೇ ದಿನ ದೂರು ಕೊಡಿ. ಕಂಪನಿಯ ಜಾಲತಾಣದ ‘ಡಿಸ್ಪ್ಯೂಟ್’ (ತಕರಾರು) ಭಾಗದಲ್ಲಿ ಸಾಲದ ಖಾತೆ ಆರಿಸಿ, ತಪ್ಪಿರುವ ಅಂಕಣ ಯಾವುದೆಂದು ಹೇಳಿ: ಉಳಿದ ಬಾಕಿಯೋ, ಖಾತೆಯ ಸ್ಥಿತಿಯೋ, ಮುಗಿದ ದಿನಾಂಕವೋ. ‘ನನ್ನ ಸಿಬಿಲ್ ತಪ್ಪಿದೆ, ಸರಿಮಾಡಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಾಲ ಕೊಟ್ಟವರಿಗೆ ನೋ ಡ್ಯೂ ಪತ್ರ, ಕೊನೆಯ ಕಂತಿನ ರಸೀದಿ ಲಗತ್ತಿಸಿ. ದೂರಿನ ನಂಬರ್, ತಾರೀಖು ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಆ ತಾರೀಖಿನ ಮೇಲೆ ನಿಂತಿದೆ.

ಸರಿಪಡಿಸಲು ಒಟ್ಟು 30 ದಿನ. ಅದರೊಳಗೆ ಸಾಲ ಕೊಟ್ಟವರು 21 ದಿನದಲ್ಲಿ ತಿದ್ದಿದ ಮಾಹಿತಿ ಕಳಿಸಬೇಕು. 30 ದಾಟಿದರೆ ದಿನಕ್ಕೆ ₹100 ಪರಿಹಾರ ನಿಮ್ಮ ಖಾತೆಗೆ ಬರಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮವಿದೆ. ಉದಾಹರಣೆಗೆ, ಜೂನ್ 1ರ ದೂರಿಗೆ ಗಡುವು ಜುಲೈ 1. ಜುಲೈ 21ಕ್ಕೆ ಸರಿಯಾದರೆ 20 ದಿನಕ್ಕೆ ₹2,000. 21 ದಿನ ಮೀರಿಸಿದವರು ಸಾಲ ಕೊಟ್ಟವರಾದರೆ ಅವರು ಕೊಡಬೇಕು. ಅವರು ಸಮಯಕ್ಕೆ ಕಳಿಸಿಯೂ ಕಂಪನಿ ತಿದ್ದದೆ ಕೂತರೆ ಕಂಪನಿ ಕೊಡಬೇಕು. ದೂರು ಇತ್ಯರ್ಥವಾದ ಐದು ಕೆಲಸದ ದಿನಗಳೊಳಗೆ ಹಣ ಬರಬೇಕು, ಅದಕ್ಕಾಗಿಯೇ ಬ್ಯಾಂಕ್ ಖಾತೆಯ ವಿವರವನ್ನು ದೂರಿನಲ್ಲೇ ಕೊಟ್ಟಿರಿ. ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ಅವರ ದೂರು ಪೋರ್ಟಲಿನಲ್ಲಿ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ವಿವರಕ್ಕೆ 14448ಕ್ಕೆ ಫೋನ್ ಮಾಡಿ.

ಒಂದು ಎಚ್ಚರ. ಬಡ್ಡಿ ಬಿಡಿಸಿಕೊಂಡು ಒಟಿಎಸ್‌ನಲ್ಲಿ (ಒಂದೇ ಸಲದ ರಾಜಿ ಪಾವತಿ) ಸಾಲ ಮುಗಿಸಿದವರಿಗೆ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬರುತ್ತದೆ. ಅದು ತಪ್ಪಲ್ಲ, ಆದ್ದರಿಂದ ಡಿಸ್ಪ್ಯೂಟಿನಿಂದ ಹೋಗುವುದಿಲ್ಲ. ಉಳಿದ ಹಣ ಕಟ್ಟಿ, ಪೂರ್ತಿ ತೀರಿದೆ ಎಂಬ ಪತ್ರ ಪಡೆದ ಮೇಲಷ್ಟೇ ಬದಲಾವಣೆ ಕೇಳಬಹುದು.

ಇನ್ನೊಂದು: ಊರಲ್ಲಿ ಒಂದೇ ಹೆಸರಿನ ಮೂವರಿದ್ದು, ಹಳೆಯ ಸಾಲದ ದಾಖಲೆಯಲ್ಲಿ ಪ್ಯಾನ್ ಇಲ್ಲದಿದ್ದರೆ ಒಬ್ಬರ ಸಾಲ ಇನ್ನೊಬ್ಬರ ರಿಪೋರ್ಟಿಗೆ ಅಂಟಿಕೊಳ್ಳುವುದುಂಟು. ಬಾಕಿ ನೋಡುವ ಮೊದಲು ವಿಳಾಸ, ಹುಟ್ಟಿದ ದಿನ, ಪ್ಯಾನ್ ನಿಮ್ಮದೇ ಹೌದೋ ನೋಡಿ.

ಪ್ರಶ್ನೆ: ಪದೇ ಪದೇ ನೋಡಿದರೆ ಸ್ಕೋರ್ ಬೀಳುತ್ತದಂತೆ, ಹೌದೆ?
– ಹೊಸನಗರ

ಉತ್ತರ: ನೀವೇ ನೋಡಿದರೆ ಬೀಳುವುದಿಲ್ಲ. ಒಂದೇ ತಿಂಗಳಲ್ಲಿ ಐದಾರು ಬ್ಯಾಂಕಿಗೆ ಅರ್ಜಿ ಹಾಕಿ, ಅವರೆಲ್ಲ ನಿಮ್ಮ ರಿಪೋರ್ಟ್ ತರಿಸಿಕೊಂಡರೆ ಬೀಳಬಹುದು.

ಪ್ರಶ್ನೆ: ಭಾವನ ಸಾಲಕ್ಕೆ ಜಾಮೀನು ಹಾಕಿದ್ದೆ. ಅದೂ ನನ್ನ ರಿಪೋರ್ಟಿನಲ್ಲಿದೆ. ತೆಗೆಸಬಹುದೆ?
– ಭದ್ರಾವತಿ

ಉತ್ತರ: ಸಾಲ ತೀರುವ ತನಕ ಆಗದು. ಜಾಮೀನುದಾರರ ಹೆಸರಿನಲ್ಲೂ ಆ ಸಾಲ ದಾಖಲಾಗುವುದು ಕ್ರಮವೇ, ಭಾವನ ಕಂತು ತಪ್ಪಿದರೆ ನಿಮಗೂ ಪೆಟ್ಟು. ಬಾಕಿ ಕಂತು ಕಟ್ಟಿಸಿದ್ದರೂ ಮರುದಿನವೇ ರಿಪೋರ್ಟ್ ತೆಗೆಯಬೇಡಿ. ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಬಂತು. ಒಂದು ತಿಂಗಳು ಬಿಟ್ಟು ನೋಡಿ, ವರ್ಷದ ಪುಕ್ಕಟೆ ಸರದಿ ವ್ಯರ್ಥವಾಗುವುದಿಲ್ಲ.