ನಾಗಬನಕ್ಕೆ ಸರಕಾರದ ದುಡ್ಡು ಸಿಗುತ್ತದೆಯೇ?

ಬದಿಯಡ್ಕದ ಬಳಿ ಕುಟುಂಬದ ನಾಗಬನ, ಸುತ್ತ ಅಕೇಶಿಯಾ ತುಂಬಿದೆ, ಮತ್ತೆ ಕಾಡು ಮಾಡಲು ಸಹಾಯಧನ ಉಂಟೇ ಎಂದು ಕೇಳಿದ್ದೀರಿ. ಉಂಟು ಮಾರಾಯ್ರೆ. ಖಾಸಗಿ ಒಡೆತನದ ಕಾವುಗಳಿಗೆಂದೇ, ಅಂದರೆ ಇಂಥ ದೇವರ ಬನಗಳಿಗೆಂದೇ, ಕೇರಳ ಅರಣ್ಯ ಇಲಾಖೆಯ ಯೋಜನೆ ಇದೆ. ಪತ್ರಿಕೆಯ ಪ್ರಕಟಣೆಗೆ ಕಾಯದೆ ಕಾಸರಗೋಡಿನ ಸಾಮಾಜಿಕ ಅರಣ್ಯ ವಿಭಾಗದಲ್ಲಿ ಈಗಲೇ ವಿಚಾರಿಸಿ. ತೀರುವೆ ರಶೀದಿ, ಜಾಗದ ನಕ್ಷೆ ತೆಗೆದಿಡಿ. ಪಾಲುದಾರರ ಒಪ್ಪಿಗೆಯೇ ದೊಡ್ಡ ಕೆಲಸ, ಮುಂಬೈಯಲ್ಲಿರುವವರದ್ದೂ ಸೇರಿ.

ದುಡ್ಡು ಬಂತೆಂದು ಬನದೊಳಗೆ ಕಾಂಕ್ರೀಟು ಹಾಕಿಸಬೇಡಿ, ದಯವಿಟ್ಟು. ಅಕೇಶಿಯಾವನ್ನು ಒಮ್ಮೆಲೇ ಬೋಳಿಸದೆ ಹಂತಹಂತವಾಗಿ ತೆಗೆದು, ಆ ನೆರಳಲ್ಲೇ ರೆಂಜೆ, ಹೆಬ್ಬಲಸು, ಪುನರ್ಪುಳಿ ನೆಡಿ. ಹಣ್ಣಿನ ಮರ ಬೆಳೆದರೆ ಮಂಗಟ್ಟೆ, ಪಿಕಳಾರಗಳು ತಾವೇ ಬೀಜ ತಂದು ಹಾಕುತ್ತವೆ.

ಗದ್ದೆಯೂ ಇದ್ದರೆ ಕೃಷಿಭವನದಲ್ಲಿ (ಕೃಷಿ ಇಲಾಖೆಯ ಸ್ಥಳೀಯ ಕಚೇರಿ) ರಾಯಲ್ಟಿ ಕೇಳಿ, ಭತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಕೇರಳ ಸರಕಾರ ಕೊಡುವ ದುಡ್ಡು. 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯಿಂದ ಶುರುವಾದದ್ದು ಅದು.