ಮಿಂಟ್ ಸಾಕಾ, ಡೆಬಿಯನ್ ಬೇಕಾ?

ಪ್ರಶ್ನೆ: ಮಂಡ್ಯದಿಂದ ದಿನಾ ರೈಲಲ್ಲಿ ಮೈಸೂರಿನ ಕಾಲೇಜಿಗೆ ಹೋಗುತ್ತೇನೆ. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದೇನೆ. ಅದು ಬರೀ ಹೊಸಬರಿಗೆ, ಕಲಿಯಬೇಕಾದರೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್ನೇ ನೇರ ಹಾಕು ಅಂತಾನೆ ಗೆಳೆಯ. ಬದಲಾಯಿಸಲಾ?

ಉತ್ತರ: ಸುಮ್ನೆ ಯಾಕೆ ಫಾರ್ಮ್ಯಾಟ್ ಮಾಡ್ತೀರಿ? 1993ರಲ್ಲಿ ಶುರುವಾದ ಡೆಬಿಯನ್ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂತು, ಉಬುಂಟು ಮೇಲೆ 2006ರಲ್ಲಿ ಮಿಂಟ್ ಬಂತು, ಹಾಗಾಗಿ ಟರ್ಮಿನಲ್‌ನಲ್ಲಿ ಸಾಫ್ಟ್‌ವೇರ್ ಹಾಕಲು ನೀವು ಹೊಡೆಯುವ ಆಪ್ಟ್ ಕಮಾಂಡು ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಕಲಿಯೋಕೆ ಮಿಂಟ್ ಏನೂ ಅಡ್ಡ ಬರಲ್ಲ. ಕಷ್ಟ ಗೊತ್ತಾಗುವುದು ಮೊದಲ ದಿನ. ಡೆಬಿಯನ್ ಇನ್‌ಸ್ಟಾಲರ್ ರೂಟ್ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಪಾಸ್‌ವರ್ಡ್ ಕೇಳುತ್ತದೆ. ಎಲ್ಲರೂ ಏನೋ ಒಂದು ಟೈಪ್ ಮಾಡಿಬಿಡುತ್ತಾರೆ, ಆಮೇಲೆ ತಮ್ಮ ಖಾತೆಯಿಂದ ಸುಡೋ (ರೂಟ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡು) ಹೊಡೆದರೆ ಅನುಮತಿ ಇಲ್ಲ ಅಂತ ಬೈಸಿಕೊಳ್ಳುತ್ತಾರೆ. ಆ ಜಾಗ ಖಾಲಿ ಬಿಟ್ಟರೆ ಅಧಿಕಾರ ತಾನಾಗಿ ನಿಮಗೇ ಬರುತ್ತದೆ. ಮಿಂಟ್‌ನಲ್ಲಿ ಈ ತಲೆನೋವಿಲ್ಲ. ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಹಾಕಿಕೊಡುವ ಡ್ರೈವರ್ ಮ್ಯಾನೇಜರ್, ಸಿಸ್ಟಂ ಸ್ಥಿತಿಯ ಪ್ರತಿ ಉಳಿಸಿಡುವ ಟೈಮ್‌ಶಿಫ್ಟ್ ಎರಡೂ ಜೊತೆಗೇ ಬರುತ್ತವೆ. ಟೈಮ್‌ಶಿಫ್ಟನ್ನು ಇವತ್ತೇ ಆನ್ ಮಾಡಿಕೊಳ್ಳಿ, ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ವಾಪಸ್ ಬರಬಹುದು.

ಹಾಗಂತ ಡೆಬಿಯನ್ ಈಗ ಅಷ್ಟೇನೂ ಕಾಡಲ್ಲ. 2023ರ 12ನೇ ಆವೃತ್ತಿಯಿಂದ ವೈಫೈಗೆ ಬೇಕಾದ ಫರ್ಮ್‌ವೇರ್ (ಹಾರ್ಡ್‌ವೇರ್ ನಡೆಸುವ ಒಳ ಸಾಫ್ಟ್‌ವೇರ್) ಇನ್‌ಸ್ಟಾಲರ್‌ನಲ್ಲೇ ಸಿಗುತ್ತದೆ. ಗೆಳೆಯ ಬಿಡಲ್ಲ ಅಂದರೆ ಎಲ್‌ಎಂಡಿಇ (ಲಿನಕ್ಸ್ ಮಿಂಟ್ ಡೆಬಿಯನ್ ಎಡಿಷನ್) ನೋಡಿ, ಅದೂ ಮಿಂಟ್ ತಂಡದ್ದೇ, ಉಬುಂಟು ಬಿಟ್ಟು ನೇರ ಡೆಬಿಯನ್ ಮೇಲೆ ಕಟ್ಟಿದ್ದು. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು.