ದೋಟಿ ಹಿಡಿಯಲು ಗೊತ್ತಿದ್ದ ಹುಡುಗ, ವೈಬ್ರೇಶನ್ ಪೇಪರಿನಲ್ಲಿ ಎರಡು ಸಲ ಫೇಲ್

ಕಾಸರಗೋಡು ಜಿಲ್ಲೆಯ ಒಳಗಿನ ಒಂದು ಊರಿನ ಹುಡುಗ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ವೈಬ್ರೇಶನ್, ಅಂದರೆ ಕಂಪನದ ಪಾಠದ ಪೇಪರ್ ಮೊದಲ ಸಲ ಹೋಯಿತು. ಸಪ್ಲಿ ಬರೆದ, ಅದೂ ಹೋಯಿತು. ಎರಡನೇ ಸಲ ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಆಪ್ತಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಬೇರೆಯೇ ಕಾರಣಕ್ಕೆ. "ರಾತ್ರಿ ನಿದ್ರೆ ಮಾಡುದಿಲ್ಲ ಮೇಡಂ. ಊಟಕ್ಕೆ ಕರೆದ್ರೆ ಸಿಟ್ಟು. ಮೊದಲು ಹೀಗಿರಲಿಲ್ಲ ಇವ" ಎಂದರು.

ಹುಡುಗ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಅಮ್ಮನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಾಡಿದೆ. ಮೊದಲು ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ನಂಗೆ ಗಣಿತದ ತಲೆ ಇಲ್ಲ ಮೇಡಂ." ವೈಬ್ರೇಶನ್ ಕ್ಲಾಸಿನ ಹೊತ್ತಿಗೆ ಎದ್ದು ಹೋಗಿ ಬಸ್‌ ಸ್ಟ್ಯಾಂಡಿನಲ್ಲಿ ಕೂತುಕೊಳ್ಳುತ್ತಿದ್ದನಂತೆ. ಸಾಯಬೇಕು ಅಂತ ಅನಿಸಿದ್ದುಂಟಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎದುರಿನವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. "ಕಾಲೇಜಿನ ಸ್ಟಾಪಿನಲ್ಲಿ ಇಳಿಯುದೇ ಬೇಡ ಅಂತ ಅನಿಸಿದ್ದುಂಟು. ಸಾಯುವ ಯೋಚನೆ ಬರಲಿಲ್ಲ" ಎಂದ. ಆದರೂ ಕೇಂದ್ರ ಸರ್ಕಾರದ ಟೆಲಿ ಮಾನಸ್ ನಂಬರ್ 14416, ಕೇರಳದ ದಿಶಾ ನಂಬರ್ 1056 ಎರಡನ್ನೂ ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಕಾಲ್‌ ಮಾಡಲು ದುಡ್ಡು ಬೇಡ, ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ಇವನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಒಳ್ಳೆಯ ಮಾರ್ಕಿನಲ್ಲಿ ಪಾಸಾದವನು. ಪ್ಲಸ್ ಟು ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ಡೌಟ್ ಬಿಡಿಸುವುದು ಮಲಯಾಳದಲ್ಲಿ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತಾಡಲು ಅವನಿಗೆ ಏನೂ ತೊಂದರೆಯಿಲ್ಲ. ಆದರೆ ಬೋರ್ಡಿನ ಮೇಲೆ ಸಮೀಕರಣ ಓಡುತ್ತಿರುವಾಗ ಒಂದು ಕಿವಿಯಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಮಲಯಾಳ, ತಲೆಯೊಳಗೆ ಕನ್ನಡ. ನಮ್ಮ ಗಡಿನಾಡಿನ ಮಕ್ಕಳ ಈ ಕಷ್ಟ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ಕೈಯೆತ್ತಿ ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಇವನು ಕೇಳುವುದನ್ನೇ ಬಿಟ್ಟಿದ್ದ.

ಆಪ್ತಸಲಹೆಗೆ ಬರುವ ಮೊದಲು ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಅದಕ್ಕೇ ನೋಟ್ಸ್ ತರಲು ಹೇಳಿದೆ. ನೀಲಿ ಪೆನ್ನಿನಲ್ಲಿ ಒಂದು ಅಕ್ಷರ ಹೊಡೆದು ಹಾಕದೆ ಬರೆದ ನೋಟ್ಸ್. ಪುಟಗಟ್ಟಲೆ ಸೂತ್ರ, ಒಂದೇ ಒಂದು ಚಿತ್ರ ಇಲ್ಲ. ಮಾಸ್, ಸ್ಪ್ರಿಂಗ್, ಅಲುಗಾಟ ತಣಿಸುವ ಡ್ಯಾಂಪರ್ ಸೇರಿದ ಸಮೀಕರಣವನ್ನು ಬಾಯಿಪಾಠ ಒಪ್ಪಿಸಿದ. "ಸ್ಪ್ರಿಂಗ್ ಗಟ್ಟಿ ಮಾಡಿದರೆ ಅಲುಗಾಟ ಬೇಗ ಆಗುತ್ತದಾ, ನಿಧಾನವಾ?" ಎಂದು ಕೇಳಿದೆ. ಸುಮ್ಮನಾದ.

ಉತ್ತರ ಪತ್ರಿಕೆಯ ಪ್ರತಿಯನ್ನೂ ತರಿಸಿದೆ. ಅದನ್ನು ನೋಡಲು ಮೆಕ್ಯಾನಿಕಲ್ ಪಾಠ ಮಾಡುವ ಒಬ್ಬ ಗೆಳತಿಯ ಸಹಾಯ ಪಡೆದೆ. ಒಂದು ಲೆಕ್ಕ ಹೀಗಿತ್ತು. 100 ಕೆ.ಜಿ. ತೂಕದ ಯಂತ್ರ, ನಿಮಿಷಕ್ಕೆ 1440 ಸುತ್ತು, ಕೆಳಗಿನ ಸ್ಪ್ರಿಂಗ್‌ಗಳ ಬಿಗಿತ ಒಟ್ಟು ಮೀಟರಿಗೆ 4 ಲಕ್ಷ ನ್ಯೂಟನ್. ಡ್ಯಾಂಪಿಂಗ್ ಇಲ್ಲ. ನೆಲಕ್ಕೆ ಎಷ್ಟು ಬಲ ದಾಟುತ್ತದೆ? ಯಂತ್ರದ ಸ್ವಂತ ಆವರ್ತನ, ಅಂದರೆ ಸ್ಪ್ರಿಂಗ್ ಮೇಲೆ ಅದು ತನ್ನಷ್ಟಕ್ಕೆ ಅಲುಗುವ ವೇಗ, ಸೆಕೆಂಡಿಗೆ 63.2 ರೇಡಿಯನ್ ಎಂದು ಸರಿಯಾಗಿಯೇ ತೆಗೆದಿದ್ದ. ಆಮೇಲೆ 1440ನ್ನು ಹಾಗೆಯೇ ಪಕ್ಕದಲ್ಲಿಟ್ಟು ಭಾಗಿಸಿಬಿಟ್ಟ. ಅದನ್ನೂ ರೇಡಿಯನ್ನಿಗೆ ತರಲು 2π ಯಿಂದ ಗುಣಿಸಿ 60ರಿಂದ ಭಾಗಿಸಬೇಕಿತ್ತು, ಆಗ 150.8 ಬರುತ್ತದೆ. ಸರಿ ಉತ್ತರದ ಪ್ರಕಾರ ಬಲದ ಸುಮಾರು 21 ಶೇಕಡಾ ನೆಲಕ್ಕೆ ಹೋಗುತ್ತದೆ. ಇವನ ಉತ್ತರ 0.2 ಶೇಕಡಾ. ಅಂದರೆ ಯಂತ್ರ ಓಡುತ್ತಿದ್ದರೂ ನೆಲಕ್ಕೆ ಗೊತ್ತೇ ಆಗುವುದಿಲ್ಲ! ಅದನ್ನು ಬರೆದು ಅಡಿಗೆರೆ ಹಾಕಿ ಮುಂದಿನ ಪ್ರಶ್ನೆಗೆ ಹೋಗಿದ್ದ. ಇದು ಹೌದಾ ಅಂತ ಒಂದು ಸಲವೂ ಅನಿಸಿರಲಿಲ್ಲ. ಯಾಕೆಂದರೆ ಆ ಅಂಕಿಗಳ ಹಿಂದೆ ಅವನಿಗೆ ಯಂತ್ರವೇ ಕಾಣುತ್ತಿರಲಿಲ್ಲ.

ಮನೆಯ ವಿಷಯ ಕೇಳುವಾಗ ಅಡಿಕೆಗೆ ಮದ್ದು ಬಿಡುವುದು ಯಾರು ಎಂದೆ. "ನಾನೇ. ಅಪ್ಪನಿಗೆ ಈಗ ಆಗುದಿಲ್ಲ. ಕಾರ್ಬನ್ ಫೈಬರ್ ದೋಟಿ ಉಂಟು." ದೋಟಿ ಎಂದರೆ ನೆಲದಲ್ಲೇ ನಿಂತು ಅಡಿಕೆಗೆ ಮದ್ದು ಬಿಡುವ, ಬೇಕಾದಷ್ಟು ಉದ್ದ ಎಳೆಯಬಹುದಾದ ಕೋಲು. ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ತಲೆಯೆತ್ತಿದ. ಉದ್ದ ಎಳೆದಷ್ಟೂ ತುದಿ ಹೇಗೆ ಆಡುತ್ತದೆ ಎಂದು ಕೇಳಿದೆ. ಎದ್ದು ನಿಂತು ಕೈಯಲ್ಲೇ ತೋರಿಸಿದ. ಗಿಡ್ಡ ಇರುವಾಗ ತುದಿ ಪಟಪಟ ಅಲುಗುತ್ತದೆ. ಪೂರ್ತಿ ಎಳೆದರೆ ನಿಧಾನಕ್ಕೆ, ದೊಡ್ಡದಾಗಿ ತೂಗುತ್ತದೆ. ಅದರ ತೂಗಿಗೆ ಸರಿಯಾಗಿ ನಮ್ಮ ಕೈಯೂ ಆಡಿದರೆ ಹಿಡಿಯಲಿಕ್ಕೇ ಆಗುವುದಿಲ್ಲ. "ಆಗ ಕೈ ಗಟ್ಟಿ ನಿಲ್ಲಿಸಿ ಒಂಚೂರು ಕಾಯ್ಬೇಕು, ತನ್ನಷ್ಟಕ್ಕೆ ನಿಲ್ತದೆ" ಎಂದ.

ತುದಿ ತನ್ನಷ್ಟಕ್ಕೆ ತೂಗುವ ವೇಗ ಸ್ವಂತ ಆವರ್ತನ, ಅದಕ್ಕೆ ಸರಿಯಾಗಿ ಕೈ ಆಡಿದಾಗ ತೂಗು ಬೆಳೆಯುವುದು ರೆಸೊನೆನ್ಸ್, ಮೆಲ್ಲಗೆ ತಣಿದು ನಿಲ್ಲುವುದು ಡ್ಯಾಂಪಿಂಗ್. ಮೂರೂ ಈ ಮಾತಿನಲ್ಲಿ ಬಂದುಹೋದವು. ನೀನು ಈಗ ಹೇಳಿದ್ದು ನಿನ್ನ ಪೇಪರಿನ ಅರ್ಧ ಸಿಲಬಸ್ ಎಂದು ಹೇಳಿದಾಗ ಅವನು ನಂಬಲಿಲ್ಲ. ಮನೆಗೆ ಹೋಗಿ ಮಾಡಲು ಒಂದು ಕೆಲಸ ಕೊಟ್ಟೆ. ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, 20 ಸೆಂ.ಮೀ. ಹೊರಗೆ ಬಿಟ್ಟು ಮೀಟುವುದು, ಆಮೇಲೆ 10 ಸೆಂ.ಮೀ. ಬಿಟ್ಟು ಮೀಟುವುದು. ಉದ್ದ ಅರ್ಧ ಆದರೆ ಆವರ್ತನ ನಾಲ್ಕು ಪಟ್ಟು ಆಗಬೇಕು, ಸೂತ್ರದಲ್ಲಿ ಉದ್ದದ ವರ್ಗ ಕೆಳಗೆ ಇದೆ. ಮೊದಲನೆಯದು ಕಣ್ಣಿಗೆ ಕಾಣುವ ಹಾಗೆ ಆಡುತ್ತದೆ, ಎರಡನೆಯದು ಝುಂ ಎನ್ನುತ್ತದೆ. ದೋಟಿಗೆ ಈ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ, ಬುಡ ದಪ್ಪ, ತುದಿ ಸಪುರ ಅಲ್ವಾ? ಈ ಮಾತು ಮುಂದಿನ ಸಲ ಬಂದಾಗ ಅವನೇ ನನಗೆ ಹೇಳಿದ.

ಹಾಗಾದರೆ ತಪ್ಪಿದ್ದು ಎಲ್ಲಿ? ಗೆಳತಿ ಅವನ ಜೊತೆ ಕೂತು ಹಿಂದೆ ಹಿಂದೆ ಹೋಗಿ ಹುಡುಕಿದಳು. ಮೊದಲ ವರ್ಷದ ಗಣಿತದಲ್ಲಿ ಎರಡನೇ ದರ್ಜೆಯ ಅವಕಲ ಸಮೀಕರಣ (ಡಿಫರೆನ್ಶಿಯಲ್ ಇಕ್ವೇಶನ್) ಬಿಡಿಸುವುದನ್ನು ಇವನು ಬಾಯಿಪಾಠದಲ್ಲೇ ದಾಟಿ ಬಂದಿದ್ದ. ಅದನ್ನು ಬಿಡಿಸುವಾಗ ಸಿಗುವ ಮೂಲಗಳು (ರೂಟ್ಸ್) ಎರಡು ಬೇರೆ ಬೇರೆ ನಿಜ ಸಂಖ್ಯೆ ಬಂದರೆ ವಸ್ತು ಆಡದೆ ಮೆಲ್ಲಗೆ ಮರಳುತ್ತದೆ. ಎರಡೂ ಒಂದೇ ಆದರೆ ಆಡದೆಯೇ ಬೇಗ ಮರಳುತ್ತದೆ. ಸಂಕೀರ್ಣ ಸಂಖ್ಯೆ ಬಂದರೆ ಆಡುತ್ತಾ ಆಡುತ್ತಾ ತಣಿಯುತ್ತದೆ. ವೈಬ್ರೇಶನ್ ವಿಷಯದ ಬುಡವೇ ಇದು. ಇಷ್ಟು ಗೊತ್ತಾದದ್ದೇ ಹುಡುಗನಿಗೆ ದೊಡ್ಡ ಸಮಾಧಾನ. ತಲೆ ಇಲ್ಲ ಎಂದರೆ ಏನೂ ಮಾಡಲಾಗುವುದಿಲ್ಲ. ಇಂಥ ಪಾಠ ಬಿಟ್ಟುಹೋಗಿದೆ ಎಂದರೆ ಕೂತು ಕಲಿಯಬಹುದು. ಚೆನ್ನಾಗಿ ಓದು, ಧೈರ್ಯವಾಗಿರು ಅಂತ ಬೆನ್ನು ತಟ್ಟಿ ಕಳಿಸುವುದು ಸಲಹೆ ಅಂತ ನನಗೆ ಅನಿಸುವುದೇ ಇಲ್ಲ. ಎಲ್ಲಿ ಕೈ ತಪ್ಪಿದೆ ಎಂದು ಬೆರಳಿಟ್ಟು ತೋರಿಸುವವರು ಇಂಥ ಮಕ್ಕಳಿಗೆ ಬೇಕು.

ಕೊಟ್ಟ ಸಲಹೆ ಇಷ್ಟು. ವೈಬ್ರೇಶನ್ ಪುಸ್ತಕ ಸ್ವಲ್ಪ ದಿನ ಬದಿಗಿಡು, ಮೊದಲು ಆ ಗಣಿತ ಮುಗಿಸು. ಲೆಕ್ಕ ಮಾಡುವ ಮೊದಲು ಚಿತ್ರ ಬಿಡಿಸು. ಸುತ್ತು, ಹರ್ಟ್ಸ್, ರೇಡಿಯನ್ ಯಾವುದು ಕೊಟ್ಟಿದ್ದಾರೆ ನೋಡಿ ಪಕ್ಕದಲ್ಲಿ ಬರೆ. ಉತ್ತರ ಸುಮಾರು ಎಷ್ಟಿರಬಹುದು ಎಂದು ಮೊದಲೇ ಅಂದಾಜು ಮಾಡು. ಯೋಚನೆ ಕನ್ನಡದಲ್ಲಿ ಮಾಡು, ಪುಟದ ಅಂಚಿನಲ್ಲಿ ಕನ್ನಡದಲ್ಲೇ ಗೀಚು, ಉತ್ತರ ಇಂಗ್ಲಿಷಿನಲ್ಲಿ ಬರೆ. ಓದಿದ್ದನ್ನು ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡು, ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆ. ರಾತ್ರಿ ಹನ್ನೊಂದರ ನಂತರ ಪುಸ್ತಕವೂ ಬೇಡ, ಫೋನೂ ಬೇಡ. ವಾರಕ್ಕೊಂದು ಪ್ರಶ್ನೆ ಕಾಗದದಲ್ಲಿ ಬರೆದುಕೊಂಡು ಹೋಗಿ ಸರ್ ಹತ್ತಿರ ಕೇಳು.

ಈ ಕೊನೆಯದಕ್ಕೆ ತುಂಬಾ ಹಿಂದೇಟು ಹಾಕಿದ. ಕೊನೆಗೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ 1940ರ ನವೆಂಬರ್ 7ರಂದು ಗಾಳಿಗೆ ತಿರುಚಿಕೊಂಡು ಬಿದ್ದ ವಿಡಿಯೋವನ್ನು ರೆಸೊನೆನ್ಸ್‌ಗೆ ಉದಾಹರಣೆ ಎಂದು ಎಲ್ಲ ಕಡೆ ತೋರಿಸುತ್ತಾರೆ. ಗಾಳಿ ಒಂದೇ ಸಮನೆ ಬೀಸುತ್ತಿತ್ತು, ತಾಳಕ್ಕೆ ತಕ್ಕ ಹಾಗೆ ತಳ್ಳುವವರು ಯಾರು ಎಂದು ಇವನು ಕೇಳಿದ. ಅದು ಬರೀ ರೆಸೊನೆನ್ಸ್ ಅಲ್ಲ, ಸೇತುವೆಯ ಆಟವೇ ಗಾಳಿಯಿಂದ ಶಕ್ತಿ ಎಳೆದುಕೊಳ್ಳುತ್ತಾ ಹೋಯಿತು, ಅದಕ್ಕೆ ಫ್ಲಟರ್ ಎನ್ನುತ್ತಾರೆ ಎಂದು ಸರ್ ವಿವರಿಸಿದರಂತೆ. ಮರುದಿನ ಕ್ಲಾಸಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿದರಂತೆ. ಬಸ್‌ ಸ್ಟ್ಯಾಂಡಿನಲ್ಲಿ ಕೂರುವುದು ಆಮೇಲೆ ನಿಂತಿತು.

ಮನೆಯ ಗಂಟು ಬಿಡಿಸುವುದು ಇದಕ್ಕಿಂತ ಕಷ್ಟವಾಯಿತು. ಫೀಸು ಕಟ್ಟುತ್ತಿದ್ದವರು ಗಲ್ಫಿನಲ್ಲಿರುವ ಮಾವ. ಅವರಿಗೆ ಸುಳ್ಳು ಹೇಳಿದೆ ಎಂಬುದೇ ಇವನನ್ನು ಒಳಗೊಳಗೇ ತಿನ್ನುತ್ತಿತ್ತು. ಅಮ್ಮನಿಗೆ ನನ್ನೆದುರೇ ಹೇಳಿದ. ಅವರು ಅತ್ತರು. "ಅಕ್ಕ, ಫೇಲ್ ಆದದ್ದಕ್ಕೆ ಅವನಿಗೆ ಬೇಸರ ಇದ್ದೇ ಇದೆ. ಈಗ ಹೇಳಿದ್ದಕ್ಕೆ ಬಯ್ಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ" ಎಂದೆ. ಅಕ್ಕಪಕ್ಕದ ಮಕ್ಕಳ ಮಾರ್ಕಿನ ಮಾತು ಮನೆಯಲ್ಲಿ ಎತ್ತಬೇಡಿ ಅಂತಲೂ ಕೇಳಿಕೊಂಡೆ. ಮಾವನಿಗೆ ಹುಡುಗನೇ ಫೋನ್ ಮಾಡಬೇಕು ಎಂದು ನಿಶ್ಚಯವಾಯಿತು. ಮಾವ ಸಿಟ್ಟು ಮಾಡಿಕೊಂಡು ಫೋನ್ ಇಟ್ಟರು. ಎರಡು ದಿನ ಕಳೆದು ಅವರೇ ಕರೆದು, ಸಪ್ಲಿ ಫೀಸು ಎಷ್ಟು ಎಂದು ಕೇಳಿದರು.

ಮೂರನೇ ಸಲ ಪಾಸಾದ. ಮಾರ್ಕು ಜಾಸ್ತಿಯೇನೂ ಬರಲಿಲ್ಲ. ನಿದ್ರೆ ಸರಿಯಾಗಿದೆ. ಆದರೆ ಪೇಪರ್ ಬಾಕಿ ಇದ್ದ ಕಾರಣ ಕ್ಯಾಂಪಸ್ಸಿಗೆ ಬಂದ ಒಂದು ಕಂಪೆನಿಯ ಸಂದರ್ಶನಕ್ಕೆ ಇವನನ್ನು ಕೂರಿಸಲಿಲ್ಲ. ಜೊತೆಯ ಗೆಳೆಯನಿಗೆ ಅಲ್ಲಿ ಕೆಲಸ ಸಿಕ್ಕಿತು. ಆ ಬೇಸರ ಇನ್ನೂ ಹೋಗಿಲ್ಲ. ಅದರ ಬಗ್ಗೆ ಮಾತಾಡಲು ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ, ಈಗ ಅಮ್ಮ ಜೊತೆಗೆ ಬರುವುದಿಲ್ಲ.